ಕ್ರೈಂ ನಂಬರು

"ಇಂಡಿಯಾಕ್ಕೆ ಬಂದ್ರೆ ಹೆಣ್ಣುಮಕ್ಕಳು ಕ್ಷೇಮವಾಗಿ ವಾಪಸ್ ಹೋಗ್ತಾರಾ ಅಂತ ಕೇಳ್ತಾಳೆ ಮಾವ, ನನ್ನ ಆಫೀಸಿನೋಳು."

"ಯಾವ ದೇಶದೋಳು?"

"ಸ್ವೀಡನ್ನೋಳೇ."

"ಸರಿಹೋಯ್ತು. ನಿಮ್ಮವ್ವ ಹೋದ ವಾರ ನಂಗೊಂದು ವಿಡಿಯೊ ಕಳಿಸಿದ್ಲು. ಸ್ವೀಡನ್ನಲ್ಲಿ ಹೆಣ್ಮಕ್ಳು ಸಂಜೆ ಮೇಲೆ ಹೊರಗೆ ಕಾಲಿಡಂಗಿಲ್ವಂತೆ, ಪ್ರಪಂಚದಲ್ಲೇ ಅತ್ಯಾಚಾರ ಜಾಸ್ತಿ ಅಲ್ಲೇ ಅಂತೆ, ಇವಳನ್ನ ವಾಪಸ್ ಕರೆಸ್ಕೊಂಡ್ಬುಡಾನ ಅಂತ."

ಯಳಂದೂರು ಬಿಟ್ಟ ಕಾರು ಕೊಳ್ಳೇಗಾಲದ ಕಡೆ ಸಾಗುತ್ತಿತ್ತು. ಹೋಗಬೇಕಾದದ್ದು ಮಾದಪ್ಪನ ಬೆಟ್ಟಕ್ಕೆ. ಸ್ಟೀರಿಂಗ್ ಹಿಡಿದಿದ್ದ ಮಾವ ಎಎಸ್‌ಐ ಆಗಿ ನಿವೃತ್ತರಾದವರು. ಸರ್ವೀಸಿನ ಬಹುಪಾಲು ಕಳೆದದ್ದು ಠಾಣೆಗಳ ರೈಟರ್ ಮೇಜಿನಲ್ಲಿ. ಯಾರು ಬಂದು ಏನು ಹೇಳಿದರು, ಅದರಲ್ಲಿ ಎಷ್ಟನ್ನು ಕಾಗದಕ್ಕಿಳಿಸಬೇಕು, ಯಾವ ಕಲಂ ಹಾಕಬೇಕು ಎಂಬುದರಲ್ಲೇ ಅವರ ಕೂದಲು ಬೆಳ್ಳಗಾಯಿತು. ಪಕ್ಕದಲ್ಲಿ ಕೂತಿದ್ದ ಸೋದರ ಸೊಸೆ ಸ್ಟಾಕ್‌ಹೋಮ್‌ನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಅಂಕಿಅಂಶಗಳ ಕೆಲಸ ಮಾಡುವವಳು. ಅಂಕಿ ಹುಟ್ಟುವ ಜಾಗ ಮಾವನಿಗೆ ಗೊತ್ತು, ಅದು ಹೋಗಿ ಸೇರುವ ಜಾಗ ಇವಳಿಗೆ.

ಆಫೀಸಿನ ಗೆಳತಿ ಸುಮ್ಮನೆ ಹೆದರಿದವಳಲ್ಲ. ಓದಿಕೊಂಡೇ ಹೆದರಿದ್ದಳು. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಪ್ರವಾಸಿಗರಿಗೆ ಕೊಡುವ ಸೂಚನೆಯಲ್ಲಿ ಭಾರತದ ಬಗ್ಗೆ ಒಂದು ಮಾತು ವರ್ಷಗಳಿಂದ ಕೂತುಬಿಟ್ಟಿದೆ: ಅಲ್ಲಿ ಅತಿ ವೇಗವಾಗಿ ಹೆಚ್ಚುತ್ತಿರುವ ಅಪರಾಧಗಳಲ್ಲಿ ಅತ್ಯಾಚಾರವೂ ಒಂದು, ಹಾಗಂತ ಭಾರತದ ಅಧಿಕಾರಿಗಳೇ ಹೇಳುತ್ತಾರೆ, ಎಂದು. ಇದರ ಜೊತೆಗೆ 2018ರಲ್ಲಿ ಥಾಮ್ಸನ್ ರಾಯಿಟರ್ಸ್ ಫೌಂಡೇಷನ್ ಹೊರಡಿಸಿದ ಪಟ್ಟಿ. ಮಹಿಳೆಯರಿಗೆ ಪ್ರಪಂಚದಲ್ಲೇ ಅತ್ಯಂತ ಅಪಾಯಕಾರಿ ದೇಶ ಭಾರತ. ಎರಡನೆಯದು ಅಫ್ಘಾನಿಸ್ತಾನ, ಮೂರನೆಯದು ಸಿರಿಯಾ.

"ಯುದ್ಧ ನಡೀತಿದ್ದ ಸಿರಿಯಾಕ್ಕಿಂತ ನಾವು ಕಡೆಯಾ? ಯಾರು ಎಣಿಸಿದ್ದು ಇದನ್ನ?"

"ಯಾರೂ ಎಣಿಸಿಲ್ಲ ಮಾವ. 548 ಜನ ತಜ್ಞರನ್ನ ಕೇಳಿದಾರೆ, ನಿಮಗೆ ಏನನ್ನಿಸುತ್ತೆ ಅಂತ. ಅದು ಅಭಿಪ್ರಾಯದ ಪಟ್ಟಿ. ಪೇಪರಿನೋರು ಮಾತ್ರ ಎಣಿಕೆ ಥರ ಅಚ್ಚು ಹಾಕಿದ್ರು."

"ಎಣಿಸಿದ್ದು ಎಷ್ಟು ಹಂಗಾರೆ?"

ಅವಳ ಬಳಿ ಲೆಕ್ಕ ಸಿದ್ಧವಿತ್ತು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ, ಎಂದರೆ ಎನ್‌ಸಿಆರ್‌ಬಿ, 2022ಕ್ಕೆ ಕೊಟ್ಟ ಅತ್ಯಾಚಾರ ಪ್ರಕರಣಗಳ ಸಂಖ್ಯೆ 31,516. ಒಂದು ಲಕ್ಷ ಹೆಂಗಸರಿಗೆ 4.7. ಸ್ವೀಡನ್ನಿನಲ್ಲಿ 2010ರ ಸುಮಾರಿಗೇ ಲಕ್ಷ ಜನಸಂಖ್ಯೆಗೆ ಅರವತ್ತರ ಮೇಲಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ದಡ್ಡನಿಗೆ ಸ್ಟಾಕ್‌ಹೋಮ್‌ಗಿಂತ ಭಾರತ ಹತ್ತಾರು ಪಟ್ಟು ಕ್ಷೇಮ ಎಂದೇ ಕಾಣಬೇಕು. ಅಮ್ಮನ ವಾಟ್ಸ್ಯಾಪ್‌ಗೆ ಬಂದ ವಿಡಿಯೊ ಮಾಡಿದವನು ಅದೇ ಕೆಲಸ ಮಾಡಿದ್ದ.

"ಅಲ್ಲಿ ಎಣಿಸೋ ರೀತಿನೇ ಬೇರೆ ಮಾವ. ಒಬ್ಬಳು ಠಾಣೆಗೆ ಬಂದು, ಗಂಡ ವರ್ಷಪೂರ್ತಿ ವಾರಕ್ಕೊಂದ್ಸಲ ಬಲವಂತ ಮಾಡಿದ ಅಂದ್ಲು ಅಂತ ಇಟ್ಕೊ. ಅವರು ಐವತ್ತೆರಡು ಅಪರಾಧ ಬರೀತಾರೆ. 2005ರಲ್ಲಿ ಅತ್ಯಾಚಾರದ ವ್ಯಾಖ್ಯೆ ದೊಡ್ಡದು ಮಾಡಿದ್ರು, 2018ರಲ್ಲಿ ಒಪ್ಪಿಗೆ ಇಲ್ಲದ್ದೆಲ್ಲ ಅತ್ಯಾಚಾರ ಅಂತ ಕಾನೂನು ತಂದ್ರು. ಒಂದೊಂದು ಸಲವೂ ಅಂಕಿ ಮೇಲೆ ಹೋಯ್ತು. ಅದೇ ಹೆಂಗಸು ಇಲ್ಲಿ ಬಂದಿದ್ರೆ?"

"ಗಂಡ ಅಂದ್ಯಾ? ಅತ್ಯಾಚಾರದ ಕಾಲಂಗೆ ಸೊನ್ನೆ."

ಸೊನ್ನೆಯೇ. ಹಳೆಯ ಐಪಿಸಿಯ 375ನೇ ಕಲಮಿನಲ್ಲಿದ್ದ ಗಂಡನ ವಿನಾಯಿತಿ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಗೂ ದಾಟಿ ಬಂದಿದೆ. ಸ್ವೀಡನ್ನಿನಲ್ಲಿ ಅದು 1965ರಲ್ಲೇ ಹೋಯಿತು. ಒಬ್ಬಳೇ ಹೆಂಗಸು, ಒಂದೇ ನೋವು: ಒಂದು ದೇಶದ ಖಾತೆಗೆ 52, ಇನ್ನೊಂದರ ಖಾತೆಗೆ ಏನೂ ಇಲ್ಲ.

ಕೊಳ್ಳೇಗಾಲದ ಬಸ್ ನಿಲ್ದಾಣದ ಹತ್ತಿರ ಗಾಡಿಗಳ ಸಂದಣಿ. ಮಾವನ ಮಾತು ಅಲ್ಲಿಂದ ಇನ್ನೊಂದು ಕಡೆ ತಿರುಗಿತು.

"ಈ ಊರು ನಾನು ಹುಟ್ಟೋಕೆ ಮುಂಚೆ ಯಾವ ಜಿಲ್ಲೆಲಿತ್ತು ಗೊತ್ತಾ? ಕೊಯಮತ್ತೂರು. ಯಳಂದೂರು ಮೈಸೂರಿನೋರದು, ಕೊಳ್ಳೇಗಾಲ ಮದ್ರಾಸಿನೋರದು. ಐವತ್ತಾರರ ನವೆಂಬರಲ್ಲಿ ಇತ್ಲಾಗೆ ಬಂತು."

"ಅಪರಾಧಕ್ಕೂ ಅದಕ್ಕೂ ಏನ್ ಸಂಬಂಧ?"

"ಅದೇ ಸಂಬಂಧ ಕನವ್ವ. ವೀರಪ್ಪನ್ ಹುಟ್ಟಿದ್ದು ಐವತ್ತೆರಡರಲ್ಲಿ, ಗೋಪಿನಾಥಂನಲ್ಲಿ. ಆವಾಗ ಗೋಪಿನಾಥಂ ಕೊಯಮತ್ತೂರು ಜಿಲ್ಲೆ. ಅವನು ಕಾಡಲ್ಲಿ ಮೆರೆಯೋ ಹೊತ್ತಿಗೆ ಮೈಸೂರು ಜಿಲ್ಲೆ. ತೊಂಬತ್ತೇಳರ ಆಗಸ್ಟ್ ಹದಿನೈದಕ್ಕೆ ಚಾಮರಾಜನಗರ ಜಿಲ್ಲೆ. ಈಗ ಹನೂರು ತಾಲ್ಲೂಕು. ನೀನು ಕಂಪ್ಯೂಟರಲ್ಲಿ ಚಾಮರಾಜನಗರ ಜಿಲ್ಲೆ ಅಂತ ಒತ್ತಿ ತೊಂಬತ್ತೆರಡರ ಲೆಕ್ಕ ಹುಡುಕಿ ನೋಡು, ಸಿಗಲ್ಲ. ಜಿಲ್ಲೆನೇ ಇರ್ಲಿಲ್ಲ."

ಮಾವ ಹೇಳಿದ್ದು ಸಣ್ಣ ಮಾತಲ್ಲ. 1991ರ ನವೆಂಬರಲ್ಲಿ ವೀರಪ್ಪನ್ ಕೈಯಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಹತ್ಯೆ. 1992ರ ಮೇನಲ್ಲಿ ರಾಮಾಪುರ ಠಾಣೆಗೇ ನುಗ್ಗಿ ಐವರು ಪೊಲೀಸರ ಕೊಲೆ. ಅದೇ ವರ್ಷ ಆಗಸ್ಟ್ 14ರಂದು ಮೀಣ್ಯಂ ಬಳಿ ಎಸ್‌ಪಿ ಟಿ. ಹರಿಕೃಷ್ಣ ಮತ್ತು ಎಸ್‌ಐ ಶಕೀಲ್ ಅಹಮದ್ ಹತ್ಯೆ. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬ್ ಸಿಡಿದು 22 ಸಾವು. ಈ ಸೀಮೆಯ ಅತ್ಯಂತ ರಕ್ತಸಿಕ್ತ ಮೂರು ವರ್ಷಗಳು ಈ ಜಿಲ್ಲೆಯ ಅಂಕಿಗಳ ಸಾಲಿನಲ್ಲಿ ಬರುವುದೇ ಇಲ್ಲ. ಮೈಸೂರಿನ ದೊಡ್ಡ ಮೊತ್ತದೊಳಗೆ ಕರಗಿವೆ. ಆದರೂ ಬೆಂಗಳೂರಿನವರ ತಲೆಯಲ್ಲಿ ಬಹುಕಾಲ ಉಳಿದ ಚಾಮರಾಜನಗರ, ಹನೂರು, ಬೆಟ್ಟ, ಎಲ್ಲವೂ ಅದೇ ಮೂರು ವರ್ಷಗಳದ್ದು. 2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿಯಲ್ಲಿ ವೀರಪ್ಪನ್‌ನನ್ನು ಹೊಡೆದ ಮೇಲೂ ಅದು ಬೇಗ ಅಳಿಯಲಿಲ್ಲ. ಇವತ್ತು ಅದೇ ಗೋಪಿನಾಥಂನಲ್ಲಿ ಜಂಗಲ್ ಲಾಡ್ಜಸ್‌ನ ಪ್ರವಾಸಿ ಶಿಬಿರವಿದೆ, ಹೆಸರಿನಲ್ಲೇ 'ಮಿಸ್ಟರಿ' ಸೇರಿಸಿಕೊಂಡು. ಭಯಕ್ಕೂ ಮಾರುಕಟ್ಟೆ ಸಿಗುತ್ತದೆ, ಸ್ವಲ್ಪ ಹಳತಾಗಬೇಕು ಅಷ್ಟೇ.

"ರಾಜ್‌ಕುಮಾರ್ ಅಪಹರಣ?" ಎಂದು ಅವಳು ಕೇಳಿದಳು. "ಅದಂತೂ ಕರ್ನಾಟಕದ ಲೆಕ್ಕದಲ್ಲಿ ಇರ್ಬೇಕಲ್ಲ."

ಮಾವ ನಕ್ಕುಬಿಟ್ಟರು. "ಅವರನ್ನ ಎತ್ಕೊಂಡೋದ ದೊಡ್ಡ ಗಾಜನೂರು ಎಲ್ಲಿದೆ? ತಾಳವಾಡಿ ಪಕ್ಕ. ತಾಳವಾಡಿ ಎಲ್ಲಿದೆ?"

"ತಮಿಳುನಾಡು."

2000ದ ಜುಲೈ 30ರಿಂದ 108 ದಿನ ಕರ್ನಾಟಕ ಉಸಿರು ಬಿಗಿಹಿಡಿದಿತ್ತು. ಬಸ್ಸು ನಿಂತವು, ಚಿತ್ರಮಂದಿರ ಮುಚ್ಚಿದವು, ಬೆಂಗಳೂರಿನಲ್ಲಿ ಕಲ್ಲು ಬಿದ್ದವು. ಕನ್ನಡಿಗರ ನೆನಪಿನ ಅತಿ ದೊಡ್ಡ ಅಪಹರಣ ಪ್ರಕರಣ ಕರ್ನಾಟಕದ ಅಪಹರಣಗಳ ಪಟ್ಟಿಗೆ ಸೇರಿದ್ದಲ್ಲ. ಅದರ ವಿಚಾರಣೆ ನಡೆದದ್ದು ಗೋಬಿಚೆಟ್ಟಿಪಾಳ್ಯದ ನ್ಯಾಯಾಲಯದಲ್ಲಿ. 2018ರ ಸೆಪ್ಟೆಂಬರಲ್ಲಿ ಆರೋಪಿಗಳಾಗಿ ಉಳಿದಿದ್ದ ಒಂಬತ್ತೂ ಮಂದಿ ಖುಲಾಸೆಯಾದರು. ರಾಜ್ಯ ಹೆದರಿದ್ದು ಒಂದು ಕಡೆ, ಕೇಸು ಬರೆದದ್ದು ಇನ್ನೊಂದು ಕಡೆ.

ಕಾಮಗೆರೆ ಬಂತು. ಇಲ್ಲಿ ಮಾವ ತಾನಾಗಿಯೇ ವೇಗ ಇಳಿಸಿದರು. ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು 2002ರ ಆಗಸ್ಟ್ 25ರಂದು ವೀರಪ್ಪನ್ ಹೊತ್ತೊಯ್ದದ್ದು ಈ ಊರಿನ ಅವರ ಮನೆಯಿಂದ. ಡಿಸೆಂಬರ್ 8ಕ್ಕೆ ಶವ ಸಿಕ್ಕಿದ್ದು ಚಂಗಡಿ ಕಾಡಿನಲ್ಲಿ.

"ಇಂಥ ಪ್ರಕರಣ ಬ್ಯೂರೊದ ಪುಸ್ತಕಕ್ಕೆ ಹೋಗುವಾಗ ಏನಾಗುತ್ತೆ ಗೊತ್ತಾ? ಒಂದು ಎಫ್‌ಐಆರ್‌ನಲ್ಲಿ ಅಪಹರಣ, ಒತ್ತೆಹಣ, ಕೊಲೆ ಮೂರೂ ಇದ್ರೆ ಎಣಿಸೋದು ಕೊಲೆ ಒಂದೇ. ಯಾವ ಕಲಂಗೆ ಶಿಕ್ಷೆ ದೊಡ್ಡದೋ ಅದಕ್ಕೆ ಒಂದು ಗೀಟು. ಮಿಕ್ಕಿದ್ದೆಲ್ಲ ಅದರ ಕೆಳಗೆ ಮುಚ್ಚಿಹೋಗುತ್ತೆ. ನಿಮ್ಮ ಸ್ವೀಡನ್ನೋರು ಒಂದನ್ನ ಐವತ್ತೆರಡು ಮಾಡ್ತಾರೆ, ನಾವು ಐದನ್ನ ಒಂದು ಮಾಡ್ತೀವಿ."

"ಸುಳ್ವಾಡಿ?"

ಅವಳು ಊರಿನ ಹೆಸರಷ್ಟೇ ಹೇಳಿದ್ದಳು. 2018ರ ಡಿಸೆಂಬರ್ 14, ಶುಕ್ರವಾರ. ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಗೋಪುರಕ್ಕೆ ಶಂಕುಸ್ಥಾಪನೆ. ಓಂಶಕ್ತಿ ಮಾಲೆ ಹಾಕಿದವರೂ ಸೇರಿ ಬಂದವರೆಲ್ಲ ಪ್ರಸಾದದ ರೈಸ್‌ಬಾತ್ ತಿಂದರು. ಅದಕ್ಕೆ ಬೆಳೆಗೆ ಹೊಡೆಯುವ ಮೊನೊಕ್ರೊಟೊಫಾಸ್ ಬೆರೆತಿತ್ತು. ಕೈಗೆ ಸಿಕ್ಕ ಗಾಡಿಗಳಲ್ಲಿ ಜನರನ್ನು ಕಾಮಗೆರೆ, ಕೊಳ್ಳೇಗಾಲ, ಮೈಸೂರು ಎಂದು ಸಾಗಿಸಿದರು. 17 ಮಂದಿ ಸತ್ತರು, ನೂರಕ್ಕೂ ಹೆಚ್ಚು ಮಂದಿ ಹಾಸಿಗೆ ಹಿಡಿದರು. ಗುಡಿಯ ಟ್ರಸ್ಟಿನ ಹಿಡಿತಕ್ಕಾಗಿ ನಡೆದ ಒಳಜಗಳವೇ ಕಾರಣ ಎಂದು ಪೊಲೀಸರು ನಾಲ್ವರನ್ನು ಬಂಧಿಸಿದರು.

"ನಿಯಮದ ಪ್ರಕಾರ ಒಂದು ಎಫ್‌ಐಆರ್ ಅಂದ್ರೆ ಒಂದು ಪ್ರಕರಣ," ಎಂದರು ಮಾವ. "ಕೊಲೆ ಪ್ರಕರಣ: ಒಂದು. ಪಕ್ಕದ ಕಾಲಂನಲ್ಲಿ ಬಲಿಪಶುಗಳು: ಹದಿನೇಳು. ಆಸ್ಪತ್ರೇಲಿ ಒದ್ದಾಡಿದ ನೂರಾರು ಜನ ಕೊಲೆ ಯತ್ನದ ಕಲಂಗೆ ಬರಬೇಕಾದೋರು, ಕೊಲೆ ಕೆಳಗೆ ಮುಚ್ಚಿಹೋದ್ರು."

ಸೊಸೆ ಮನಸ್ಸಿನಲ್ಲೇ ಗುಣಿಸಿದಳು. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 10,20,791. ಲಕ್ಷಕ್ಕಿಷ್ಟು ಎಂದು ಲೆಕ್ಕ ಹಾಕುವ ಪದ್ಧತಿಯಲ್ಲಿ ಸುಳ್ವಾಡಿ ಪ್ರಕರಣವಾಗಿ ಸೇರಿಸುವುದು 0.1. ಸತ್ತವರನ್ನು ಎಣಿಸಿದರೆ 1.7. ಇಡೀ ದೇಶದ ವಾರ್ಷಿಕ ಕೊಲೆ ದರವೇ ಲಕ್ಷಕ್ಕೆ 2.1ರ ಆಸುಪಾಸು. ಒಂದು ಮಧ್ಯಾಹ್ನದ ಊಟ, ಯಾವ ಕಾಲಂ ನೋಡುತ್ತೀರಿ ಎಂಬುದರ ಮೇಲೆ, ಒಂದೋ ಜಿಲ್ಲೆಯ ದರವನ್ನು ಅಲುಗಿಸುವುದೇ ಇಲ್ಲ, ಇಲ್ಲವೇ ದುಪ್ಪಟ್ಟಿನ ಹತ್ತಿರ ಒಯ್ಯುತ್ತದೆ.

"ಇನ್ನೊಂದು ಇದೆ, ಅದು ನಿನ್ನ ಯಾವ ಕಾಲಂಗೂ ಬರಲ್ಲ. ಎರಡು ಸಾವಿರದ ಇಪ್ಪತ್ತೊಂದರ ಮೇ ಎರಡು."

ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಮುಗಿದ ರಾತ್ರಿ. 24 ಗಂಟೆಯಲ್ಲಿ 24 ಸಾವು ಎಂಬ ಸುದ್ದಿ ಬಂತು. ಸರ್ಕಾರದ ಕಡೆಯಿಂದ ಬಂದ ಮಾತು, ಆಮ್ಲಜನಕವಿಲ್ಲದೆ ಸತ್ತವರು ಮೂವರು ಮಾತ್ರ. ಹೈಕೋರ್ಟ್ ಸೂಚನೆಯಂತೆ ರಚನೆಯಾದ ಸಮಿತಿ ಕೊಟ್ಟ ಸಂಖ್ಯೆ 36. ಅಪರಾಧದ ಪುಸ್ತಕದಲ್ಲಿ ಅದು ಎಲ್ಲೂ ಇಲ್ಲ. ಜಿಲ್ಲೆ ತನ್ನ ಇತ್ತೀಚಿನ ನೆನಪಿನಲ್ಲಿ ಇಟ್ಟುಕೊಂಡಿರುವ ಎರಡು ಸಾಮೂಹಿಕ ಸಾವುಗಳಲ್ಲಿ ಒಂದಕ್ಕೆ ಅಪರಾಧದ ಲೆಕ್ಕದಲ್ಲಿ ಬೆಲೆ ಒಂದು, ಇನ್ನೊಂದಕ್ಕೆ ಸೊನ್ನೆ.

ಇಷ್ಟು ಹೇಳಿ ಮಾವ ಗೆದ್ದವರಂತೆ ಕೂತರು. ಸೊಸೆ ಬಿಡಲಿಲ್ಲ.

"ಅಂಕಿ ನಂಬಬೇಡ ಅನ್ನೋದು ಪೊಲೀಸ್‌ನೋರಿಗೆ ಬಹಳ ಅನುಕೂಲ ಮಾವ. ಕೇಸು ಜಾಸ್ತಿಯಾದ್ರೆ 'ನಾವು ಸರಿಯಾಗಿ ದಾಖಲು ಮಾಡ್ತಿದೀವಿ' ಅಂತೀರಿ. ಕಮ್ಮಿಯಾದ್ರೆ 'ಅಪರಾಧ ಇಳಿದಿದೆ' ಅಂತೀರಿ. ಎರಡೂ ಕಡೆ ನಿಮಗೇ ಲಾಭ."

"ಬ್ಯೂರೊದೋರೇ ಬರ್ಕೊಂಡಿದಾರಲ್ಲ, ಅಪರಾಧ ಹೆಚ್ಚಾಗೋದು ಬೇರೆ, ನೋಂದಣಿ ಹೆಚ್ಚಾಗೋದು ಬೇರೆ ಅಂತ."

"ಬರ್ಕೊಂಡಿದಾರೆ. ನೋಂದಣಿ ಯಾಕೆ ಆಗಲ್ಲ, ಅದು ಹೇಳು. ನೀನು ಕೂತ ಮೇಜಿನ ಕತೆ ಹೇಳು."

ಹನೂರು ದಾಟುವವರೆಗೆ ಮಾವ ಹೇಳಿದ್ದು ಆ ಮೇಜಿನ ಕತೆ. ಅದನ್ನು ಅವರು ಯಾವ ಠಾಣೆಯ ಹೆಸರಿಗೂ ಅಂಟಿಸಲಿಲ್ಲ.

ಜಾತ್ರೆಯಲ್ಲಿ ಒಬ್ಬಳ ಕೈಯಿಂದ ಮೊಬೈಲ್ ಕಿತ್ತುಕೊಂಡು ಓಡುತ್ತಾರೆ. ಅವಳು ಠಾಣೆಗೆ ಬರುತ್ತಾಳೆ. ಕಿತ್ತುಕೊಂಡರು ಎಂದು ಬರೆದರೆ ಸುಲಿಗೆ. ಕ್ರೈಂ ನಂಬರು ಬೀಳುತ್ತದೆ. ಆ ನಂಬರು ಬಿದ್ದ ಕ್ಷಣದಿಂದ ಅದು ಠಾಣೆಯ ತಲೆನೋವು: ತನಿಖೆ, ಪತ್ತೆ, ಪತ್ತೆಯಾಗದಿದ್ದರೆ 'ಸಿ' ರಿಪೋರ್ಟ್, ತಿಂಗಳ ಕ್ರೈಂ ಮೀಟಿಂಗ್‌ನಲ್ಲಿ ಮೇಲಿನವರ ಬೈಗುಳ. ಕಳೆದುಹೋಗಿದೆ ಎಂದು ಬರೆಸಿದರೆ ಅಪರಾಧವೇ ಇಲ್ಲ. ಸಿಮ್ ಬ್ಲಾಕ್ ಮಾಡಿಸಲು ಒಂದು ಸ್ವೀಕೃತಿ ಸಿಗುತ್ತದೆ, ಅವಳಿಗೂ ಅದೇ ಸಾಕು. "ಬಿಡವ್ವ, ಕಳೆದೋಯ್ತು ಅಂತ ಬರ್ಕೊಡು, ಬೇಗ ಆಗುತ್ತೆ" ಎಂದು ಮೆತ್ತಗೆ ಹೇಳುವುದೊಂದು ಕಲೆ. ಅಕ್ಕಪಕ್ಕದವರ ಹೊಡೆದಾಟವಾದರೆ ಅರ್ಜಿ ಇಸಿದುಕೊಂಡು, ಎರಡೂ ಕಡೆಯವರನ್ನು ಕೂರಿಸಿ, ಮುಚ್ಚಳಿಕೆ ಬರೆಸಿ, ಹಿಂಬರಹ ಕೊಟ್ಟು ಕಳಿಸುವುದು. ಹೆಂಡತಿಗೆ ಗಂಡ ಹೊಡೆದದ್ದಾದರೆ ಊರ ಯಜಮಾನರು ಮೊದಲೇ ಬಂದು ಬಾಗಿಲಲ್ಲಿ ನಿಂತಿರುತ್ತಾರೆ. ಹೆಣ್ಣುಮಗಳು ಬಾವಿಗೆ ಬಿದ್ದರೆ ಯುಡಿಆರ್, ಅಸಹಜ ಸಾವಿನ ವರದಿ. ತವರಿನವರು ಗಟ್ಟಿಯಾಗಿ ನಿಂತರೆ ಅದು ವರದಕ್ಷಿಣೆ ಸಾವಾಗುತ್ತದೆ, ನಿಲ್ಲದಿದ್ದರೆ ಹೊಟ್ಟೆನೋವು ತಾಳಲಾರದೆ ಎಂಬ ಮಾತಿನಲ್ಲಿ ಮುಗಿಯುತ್ತದೆ.

"ಎಲ್ಲ ಲಂಚಕ್ಕೆ ಅಂತ ತಿಳ್ಕೋಬೇಡ. ಮುಕ್ಕಾಲು ಪಾಲು ಮೀಟಿಂಗ್ ಭಯಕ್ಕೆ. ನಿನ್ನ ಠಾಣೇಲಿ ಯಾಕಿಷ್ಟು ಕೇಸು ಅಂತ ಕೇಳ್ತಾರೆ ಹೊರತು, ಯಾಕಿಷ್ಟು ಕಮ್ಮಿ ಅಂತ ಯಾವ ಸಾಹೇಬರೂ ಕೇಳಿದ್ದು ನಾ ಕಂಡಿಲ್ಲ."

ಇದು ಬದಲಾಗಲೇ ಇಲ್ಲವೆಂದಲ್ಲ. 2012ರ ಡಿಸೆಂಬರ್‌ನ ದೆಹಲಿ ಪ್ರಕರಣದ ನಂತರ ಬಂದ 2013ರ ತಿದ್ದುಪಡಿಯಲ್ಲಿ, ಲೈಂಗಿಕ ಅಪರಾಧದ ದೂರು ದಾಖಲಿಸದ ಅಧಿಕಾರಿಗೇ ಜೈಲು ಎಂಬ 166ಎ ಕಲಂ ಸೇರಿತು. ಅದೇ ವರ್ಷ ನವೆಂಬರ್ 12ರಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಂಜ್ಞೇಯ ಅಪರಾಧವೆಂದು ಕಂಡರೆ ಎಫ್‌ಐಆರ್ ಕಡ್ಡಾಯ ಎಂದಿತು. 2012ರಲ್ಲಿ 24,923 ಇದ್ದ ದಾಖಲಾದ ಅತ್ಯಾಚಾರ ಪ್ರಕರಣಗಳು 2013ರಲ್ಲಿ 33,707ಕ್ಕೆ ಏರಿದವು. ಒಂದೇ ವರ್ಷದಲ್ಲಿ ಮೂರನೇ ಒಂದು ಭಾಗ ಹೆಚ್ಚು. ದೇಶದ ಗಂಡಸರು ಹನ್ನೆರಡು ತಿಂಗಳಲ್ಲಿ ಅಷ್ಟು ಕೆಟ್ಟರೆಂದು ನಂಬುವುದು ಕಷ್ಟ; ಬಾಯಿ ಬಿಟ್ಟವರೂ, ಬರೆದುಕೊಂಡವರೂ ಹೆಚ್ಚಾದರು ಎನ್ನುವುದು ಹೆಚ್ಚು ಸರಿ. ಅಮೆರಿಕದ ಪ್ರವಾಸಿ ಸೂಚನೆಯ 'ಅತಿ ವೇಗವಾಗಿ ಹೆಚ್ಚುತ್ತಿರುವ ಅಪರಾಧ' ಎಂಬ ಮಾತಿನ ಹಿಂದೆ ಈ ಏರಿಕೆಯೂ ಇದೆ. ಕಾನೂನು ಸುಧಾರಿಸಿದ್ದಕ್ಕೆ ದೇಶಕ್ಕೆ ಸಿಕ್ಕ ಬಹುಮಾನ ಕೆಟ್ಟ ಹೆಸರು.

2020ರದು ಇನ್ನೂ ತಮಾಷೆ. ಜನರೆಲ್ಲ ಮನೆಯೊಳಗೆ ಕೂತ ವರ್ಷ. ಆ ವರ್ಷದ ಒಟ್ಟು ಸಂಜ್ಞೇಯ ಅಪರಾಧಗಳು 66,01,285. ಹಿಂದಿನ ವರ್ಷಕ್ಕಿಂತ ಶೇ 28ರಷ್ಟು ಜಾಸ್ತಿ.

"ಅದು 188," ಎಂದರು ಮಾವ ತಟ್ಟನೆ. "ಸರ್ಕಾರಿ ಆದೇಶ ಉಲ್ಲಂಘನೆ. ಹಾಲು ತರೋಕೆ ಬೈಕ್ ತೆಗೆದೋನ ಮೇಲೂ ಕೇಸು. ನಮ್ಮ ಜಿಲ್ಲೇಲಿ ಜೂನ್‌ವರೆಗೆ ಒಂದೂ ಕೊರೊನಾ ಇರ್ಲಿಲ್ಲ, ಆದ್ರೂ ಕೇಸು."

ದೇಶದಲ್ಲಿ 188ನೇ ಕಲಮಿನ ಪ್ರಕರಣ 2019ರಲ್ಲಿ ಮೂವತ್ತು ಸಾವಿರದ ಒಳಗಿದ್ದದ್ದು 2020ರಲ್ಲಿ ಆರು ಲಕ್ಷ ದಾಟಿತ್ತು. ಕಳ್ಳತನ ಇಳಿದಿತ್ತು. ಒಟ್ಟು ಸಂಖ್ಯೆಯನ್ನಷ್ಟೇ ನೋಡಿದ ಪರದೇಶದವನಿಗೆ ಭಾರತ ಆ ವರ್ಷ ಹೊತ್ತಿ ಉರಿದಂತೆ ಕಂಡಿರಬೇಕು. ಬ್ಯೂರೊದ ಪುಸ್ತಕದಲ್ಲಿ ಪರಿಸರಕ್ಕೆ ಸಂಬಂಧಿಸಿದ ಅಪರಾಧಗಳು ಎಂಬ ಅಧ್ಯಾಯವೂ ಇದೆ. ಅದರಲ್ಲಿ ಹುಲಿ, ಮರ, ಮರಳಿಗಿಂತ ಎಷ್ಟೋ ಹೆಚ್ಚು ತುಂಬಿರುವುದು ಬೀಡಿ ಸಿಗರೇಟಿನ ಕೇಸುಗಳು.

"ಬೆಂಗಳೂರಂತೂ ಸೈಬರ್ ಅಪರಾಧದ ರಾಜಧಾನಿ ಅಂತ ಹೆಸರು ಮಾಡಿದೆ," ಎಂದಳು ಸೊಸೆ. "2022ರಲ್ಲಿ 9,940, ಮುಂದಿನ ವರ್ಷ 17,631. ಬೇರೆ ಯಾವ ಮಹಾನಗರವೂ ಹತ್ತಿರದಲ್ಲಿಲ್ಲ."

"ಇರ್ಬೇಕಾದ್ದೇ. ದೇಶದ ಮೊದಲನೇ ಸೈಬರ್ ಠಾಣೆ ಆಗಿದ್ದು ಅಲ್ಲೇ, 2001ರಲ್ಲಿ. ಆಮೇಲೆ ಸೈಬರ್ ಕೇಸು ನೋಡೋಕೆ ಜಿಲ್ಲೆಗೊಂದು ಸೆನ್ ಠಾಣೆ ಮಾಡಿದ್ರು. ಬರ್ಕೊಳ್ಳೋಕೆ ಅಂತ ಮೇಜು ಹಾಕಿದ ಮೇಲೆ ಜನ ಬಂದೇ ಬರ್ತಾರೆ. ಇನ್ನೊಂದು, ದುಡ್ಡು ಕಳ್ಕೊಂಡೋನು ಕೋರಮಂಗಲದೋನು, ಫೋನ್ ಮಾಡಿದ ಕಳ್ಳ ಜಾಮ್ತಾರದಲ್ಲಿ ಕೂತೋನು. ಲೆಕ್ಕ ಬೀಳೋದು ಕೋರಮಂಗಲಕ್ಕೆ."

ಕೌದಳ್ಳಿಯಲ್ಲಿ ಕಾಫಿಗೆ ನಿಲ್ಲಿಸಿದರು. ಇಲ್ಲಿಂದ ಒಂದು ದಾರಿ ರಾಮಾಪುರಕ್ಕೆ ಒಡೆಯುತ್ತದೆ. ಮಾವ ಆ ಕಡೆ ನೋಡುತ್ತ ವೀರಪ್ಪನ್ ಕೊಂದವರ ಸಂಖ್ಯೆಯೇ ಇವತ್ತಿಗೂ ಒಂದಾಗಿಲ್ಲ ಎಂದರು. ಕೆಲವರು ನೂರಿಪ್ಪತ್ತು ಚಿಲ್ಲರೆ ಎನ್ನುತ್ತಾರೆ, ಕೆಲವರು ನೂರೆಂಬತ್ತು ದಾಟಿಸುತ್ತಾರೆ. ಆನೆಗಳ ಲೆಕ್ಕವಂತೂ ಐನೂರರಿಂದ ಎರಡು ಸಾವಿರದವರೆಗೆ ಹೇಳುವವನ ಹುಮ್ಮಸ್ಸಿನಷ್ಟು.

"ಅವನು ಕೊಂದದ್ದನ್ನಾದರೂ ಎಣಿಸೋಕೆ ಜನ ಇದ್ರು ಮಾವ. ಅವನನ್ನ ಹುಡುಕೋ ನೆಪದಲ್ಲಿ ಆದದ್ದು?"

ಮಾವ ಲೋಟ ಕೆಳಗಿಟ್ಟರು. ಇದು ಪೊಲೀಸರ ಮನೆಯಲ್ಲಿ ಯಾರೂ ಎತ್ತದ ಮಾತು. ಎರಡು ರಾಜ್ಯಗಳ ಜಂಟಿ ಕಾರ್ಯಪಡೆಯ ಕಾಲದಲ್ಲಿ ಬೆಟ್ಟದ ಮೇಲಿದ್ದ ವಿಚಾರಣಾ ಶಿಬಿರಕ್ಕೆ 'ವರ್ಕ್‌ಶಾಪ್' ಎಂಬ ಅಡ್ಡಹೆಸರಿತ್ತು. ಟಾಡಾ ಅಡಿ ಹಿಡಿದು ಮೈಸೂರು ಜೈಲಿಗೆ ತಳ್ಳಿದ್ದವರಲ್ಲಿ ನೂರಕ್ಕೂ ಹೆಚ್ಚು ಮಂದಿಯನ್ನು ವಿಶೇಷ ನ್ಯಾಯಾಲಯ 2001ರಲ್ಲಿ ಬಿಡುಗಡೆ ಮಾಡಿತು, ಅವರು ವರ್ಷಗಟ್ಟಲೆ ಒಳಗೆ ಕೊಳೆತ ಮೇಲೆ. ಚಿತ್ರಹಿಂಸೆ, ಅತ್ಯಾಚಾರ, ನಾಪತ್ತೆಯ ದೂರುಗಳನ್ನು ಆಲಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ಮಾಡಿತು. 2007ರಲ್ಲಿ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ಎರಡೂ ರಾಜ್ಯಗಳಿಗೆ ಆಯೋಗ ಹೇಳಿತು.

"89 ಜನಕ್ಕೆ ಪರಿಹಾರ," ಎಂದಳು ಅವಳು. "ಆ ಹೆಂಗಸರು ಆಗ ಯಾವ ಠಾಣೆಗೆ ಹೋಗಬೇಕಿತ್ತು?"

ಮಾವ ಅದಕ್ಕೆ ಉತ್ತರ ಕೊಡಲಿಲ್ಲ, ಕಾಫಿಯ ದುಡ್ಡು ಕೊಟ್ಟು ಬಂದರು. ಗಡಿಯಾಚೆ ವಾಚಾತಿಯಲ್ಲಿ 1992ರ ಜೂನ್ 20ರಂದು ಶ್ರೀಗಂಧ ಹುಡುಕುವ ಹೆಸರಿನಲ್ಲಿ ನುಗ್ಗಿದ ಅಧಿಕಾರಿಗಳು 18 ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ನಡೆಸಿದ್ದು ಸಾಬೀತಾಗಿ ಧರ್ಮಪುರಿಯ ನ್ಯಾಯಾಲಯ ಶಿಕ್ಷೆ ಕೊಟ್ಟದ್ದು 2011ರಲ್ಲಿ. ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿದದ್ದು 2023ರಲ್ಲಿ. ಬರೆದುಕೊಳ್ಳಬೇಕಾದವನೇ ಮಾಡಿದ ಅಪರಾಧ ವಾರ್ಷಿಕ ಪುಸ್ತಕಕ್ಕೆ ಸಮಯಕ್ಕೆ ಸರಿಯಾಗಿ ಬರುವುದಿಲ್ಲ.

ಕಾರು ಹೊರಟ ಮೇಲೆ ಮಾವ ಬೇರೆಯದನ್ನು ಎತ್ತಿಕೊಂಡರು. ಯಳಂದೂರಿನ ಪಕ್ಕದ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ವಿಷಯ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ಬಂದ ಮೇಲೆ ಅಭಯಾರಣ್ಯದಿಂದ ಜೇನು, ನೆಲ್ಲಿಕಾಯಿ ಮಾರಾಟಕ್ಕೆ ತರುವುದು ಅಪರಾಧವಾಯಿತು. ತಾತನ ಕಾಲದಿಂದ ಮಾಡುತ್ತಿದ್ದ ಕೆಲಸಕ್ಕೆ ಕೇಸು. ಅರಣ್ಯ ಹಕ್ಕು ಕಾಯ್ದೆಯಡಿ 2011ರ ಅಕ್ಟೋಬರಲ್ಲಿ ಅಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ಹುಲಿ ರಕ್ಷಿತಾರಣ್ಯದೊಳಗೆ ಅಂಥ ಹಕ್ಕು ದೇಶದಲ್ಲಿ ಮೊದಲು ಸಿಕ್ಕಿದ್ದು ಇವರಿಗೇ. "ನಿನ್ನೆ ಕಳ್ಳ, ಇವತ್ತು ಹಕ್ಕುದಾರ. ಮನುಷ್ಯನೂ ಅವನೇ, ಜೇನೂ ಅದೇ," ಎಂದರು.

"ಸರಿ ಮಾವ, ಠಾಣೆ ಲೆಕ್ಕ ಬಿಡು. ಮನೆಮನೆಗೆ ಹೋಗಿ ಕೇಳಿದ ಲೆಕ್ಕ ಒಂದಿದೆ." ಅವಳು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ವಿಷಯ ಹೇಳುತ್ತಿದ್ದಳು, 2019-21ರದು. 18ರಿಂದ 49 ವಯಸ್ಸಿನ, ಮದುವೆಯಾದ ಹೆಂಗಸರಲ್ಲಿ ಗಂಡನ ಹಿಂಸೆ ಅನುಭವಿಸಿದವರು ದೇಶದಲ್ಲಿ ಶೇ 29.3. ಕರ್ನಾಟಕದಲ್ಲಿ ಶೇ 44.4, ದೇಶದಲ್ಲೇ ಅತಿ ಹೆಚ್ಚು. ಹಿಂಸೆ ಅನುಭವಿಸಿದವರಲ್ಲಿ ಯಾರ ಹತ್ತಿರವಾದರೂ ಸಹಾಯ ಕೇಳಿದವರು ದೇಶದಲ್ಲಿ ಶೇ 14 ಮಾತ್ರ, ಅದರಲ್ಲೂ ಬಹುಪಾಲು ತವರಿನವರ ಹತ್ತಿರ.

"ನೂರಕ್ಕೆ ನಲವತ್ನಾಲ್ಕು?" ಮಾವ ನಂಬಲಿಲ್ಲ.

"ಹಿಂದಿನ ಸುತ್ತಲ್ಲಿ 20.6 ಇತ್ತು. ಐದು ವರ್ಷಕ್ಕೆ ಎರಡರಷ್ಟಾಗಿದೆ. ಅದಕ್ಕೇ ನಂಗೂ ಅನುಮಾನ, ಕೇಳಿದ ರೀತಿ ಬದಲಾಯ್ತಾ, ಹೇಳೋ ಧೈರ್ಯ ಬಂತಾ ಅಂತ. ಆದ್ರೆ ಎರಡರಲ್ಲಿ ಯಾವುದನ್ನ ಹಿಡಿದ್ರೂ ನಿನ್ನ ಠಾಣೆ ಪುಸ್ತಕದಲ್ಲಿ ಅದರ ಹತ್ತರಲ್ಲಿ ಒಂದು ಪಾಲೂ ಇಲ್ಲ. ಅಮೆರಿಕದಲ್ಲಿ 1973ರಿಂದ, ಇಂಗ್ಲೆಂಡಲ್ಲಿ 1982ರಿಂದ, ಮನೆಗಳಿಗೇ ಹೋಗಿ 'ನಿಮಗೆ ಏನಾಯ್ತು, ಪೊಲೀಸರಿಗೆ ಹೇಳಿದ್ರಾ' ಅಂತ ಕೇಳೋ ಸಮೀಕ್ಷೆ ನಡೀತಿದೆ. ನಮ್ಮಲ್ಲಿ ದೇಶದ ಮಟ್ಟದಲ್ಲಿ ಸರ್ಕಾರ ಅಂಥದ್ದು ವರ್ಷವರ್ಷ ಮಾಡಲ್ಲ. ಮಾಡಿದ್ರೆ ನಿಮ್ಮ ಪುಸ್ತಕಕ್ಕೂ ಅದಕ್ಕೂ ಇರೋ ಅಂತರ ಗೊತ್ತಾಗುತ್ತೆ."

"ಅದಕ್ಕೇ ಮಾಡಲ್ಲ," ಎಂದರು ನಿವೃತ್ತ ಎಎಸ್‌ಐ, ಸ್ವಲ್ಪವೂ ತಡವರಿಸದೆ.

ತಾಳಬೆಟ್ಟದಲ್ಲಿ ಘಾಟಿ ಶುರುವಾಯಿತು. ಗೆಳತಿಗೆ ಉತ್ತರ ಬರೆಯಬೇಕಿತ್ತು. ಮುಚ್ಚಿಡಲು ಕಷ್ಟವಾದ ಅಪರಾಧ ಕೊಲೆ, ಅದನ್ನಾದರೂ ಹೋಲಿಸಬಹುದು ಎಂದು ಅವಳು ಲೆಕ್ಕ ತೆಗೆದಳು. 2022ರಲ್ಲಿ ಭಾರತದಲ್ಲಿ 28,522 ಕೊಲೆ ಪ್ರಕರಣ, ಲಕ್ಷಕ್ಕೆ ಎರಡು. ಸ್ವೀಡನ್ನಿನಲ್ಲಿ 116, ಲಕ್ಷಕ್ಕೆ ಒಂದು. ಅಂತರವಿದೆ, ಆದರೆ ಒಬ್ಬರನ್ನೊಬ್ಬರು ಕಂಡು ನಡುಗುವಷ್ಟಿಲ್ಲ.

"ಪ್ರವಾಸಕ್ಕೆ ಬರೋಳಿಗೆ ಕೊಲೆ ಲೆಕ್ಕ ಯಾಕವ್ವ? ರಸ್ತೇಲಿ ಸಾಯೋರು ಎಷ್ಟು ಅದು ನೋಡು."

2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491. ಕೊಲೆಯ ಆರು ಪಟ್ಟು. ಲಕ್ಷಕ್ಕೆ ಹನ್ನೆರಡು. ಸ್ವೀಡನ್ನಿನಲ್ಲಿ ವರ್ಷಕ್ಕೆ ಇನ್ನೂರ ಚಿಲ್ಲರೆ, ಲಕ್ಷಕ್ಕೆ ಎರಡರ ಸುಮಾರು. ನಂಬಬಹುದಾದ ಇಷ್ಟು ದೊಡ್ಡ ಅಂತರ ಅವಳು ಬೆಳಿಗ್ಗೆಯಿಂದ ಹೇಳಿದ ಯಾವ ಹೋಲಿಕೆಯಲ್ಲೂ ಇರಲಿಲ್ಲ, ಮತ್ತು ಇದನ್ನು ಕಂಡು ಟಿಕೆಟ್ ರದ್ದು ಮಾಡಿದವರನ್ನು ಅವಳು ನೋಡಿರಲಿಲ್ಲ.

"ಬಾ, ಬೆಲ್ಟ್ ಹಾಕ್ಕೊ ಅಂತ ಬರೀತೀನಿ," ಎಂದು ಟೈಪ್ ಮಾಡುತ್ತ ಪಕ್ಕಕ್ಕೆ ತಿರುಗಿದವಳು ನಿಂತುಬಿಟ್ಟಳು. "ಮಾವ, ನೀನೇ ಹಾಕಿಲ್ಲ."

"ಊರಿಂದ ಊರಿಗೆ ಅಲ್ವಾ ಅಂತ..." ಮಾವ ತಿರುವಿನಲ್ಲಿ ಗಾಡಿ ನಿಲ್ಲಿಸಿ ಬೆಲ್ಟ್ ಎಳೆದುಕೊಂಡರು. ಎದುರಿಂದ ಕೆಎಸ್‌ಆರ್‌ಟಿಸಿ ಬಸ್ಸೊಂದು ಹಾರನ್ ಹೊಡೆಯುತ್ತ ಇಳಿದು ಹೋಯಿತು. "ಯಾವಾಗ ಬರ್ತಾಳಂತೆ?"

"ಡಿಸೆಂಬರ್."

"ಹಂಗಾರೆ ಡ್ರೈವರ್‌ನ ನಾನೇ ಗೊತ್ತುಮಾಡ್ತೀನಿ. ಆ ಬಾಡಿಗೆ ಗಾಡಿಯೋರ ಸಹವಾಸ ಬೇಡ."